ಗುರ್ಜಿಗೊಂದು ಕೊಡ ನೀರು

ಆರಿದ್ರಾ ಮಳೆ ಅರ್ಧ ಕಳೆದಿದೆ. ಗದಗ-ಧಾರವಾಡ ಸೀಮೆಯ ಎರೆ ಹೊಲ ಇನ್ನೂ ಹದಕ್ಕೆ ಬಂದಿಲ್ಲ. ಹರಗಿಟ್ಟ ನೆಲ ಬಾಯಿ ಬಿಟ್ಟಿದೆ, ಕೂರಿಗೆ ಕೊಟ್ಟಿಗೆಯ ಮೂಲೆಯಲ್ಲೇ ಒರಗಿದೆ, ಹೆಸರು ಬಿತ್ತುವ ಹೊತ್ತು ಕೈಮೀರುತ್ತಿದೆ. ಇಂಥದೊಂದು ದಿನ ಓಣಿಯಲ್ಲಿ ಹುಡುಗರ ಗದ್ದಲ ಏಳುತ್ತದೆ: "ಗುರ್ಜಿ ಬಂದಾಳ್ರೀ, ನೀರು ಹಾಕ್ರೀ!"

ಮುಂದಿನ ಹುಡುಗನ ತಲೆಯ ಮೇಲೆ ರೊಟ್ಟಿ ಹಂಚು. ಅದರ ಮೇಲೆ ಮಳೆ ಕರೆಯಲೆಂದು ಸಗಣಿಯಿಂದ ಮಾಡಿದ ಗುರ್ಜವ್ವ. ಮೈತುಂಬ ಗರಿಕೆ, ಮೇಲಿಷ್ಟು ಅರಿಸಿನ-ಕುಂಕುಮ. ಮನೆಯೊಡತಿ ಕೊಡ ಎತ್ತಿ ಸುರಿಯುತ್ತಾಳೆ. ಹುಡುಗ ನಿಂತಲ್ಲೇ ಗಿರ್ರನೆ ತಿರುಗುತ್ತಾನೆ. ಚಿಮ್ಮಿದ ನೀರಿಗೆ ಕಟ್ಟೆಯ ಮೇಲೆ ಕುಳಿತ ಮುದುಕರ ಧೋತರ ತೊಯ್ದರೂ ಯಾರೂ ಬಯ್ಯುವುದಿಲ್ಲ. ನಲ್ಲಿ ಒಣಗಿದ ದಿನಗಳಲ್ಲೂ ಗುರ್ಜಿಗೆ ನೀರಿಲ್ಲ ಎನ್ನಲು ಬಾಯಿ ಬಾರದು. ನೀರಿನ ಹಿಂದೆಯೇ ಮೊರದಲ್ಲಿ ಜೋಳ ಬರುತ್ತದೆ. ಒಂದು ಮನೆಯದು ಸೇರು, ಇನ್ನೊಂದರದು ಬೊಗಸೆ. ಸಂಜೆ ಗುಡಿಯ ಮುಂದೆ ಆ ಕಾಳೇ ಅಡುಗೆಯಾಗುತ್ತದೆ. ಸೇರು ಕೊಟ್ಟವರಿಗೂ ಬೊಗಸೆ ಕೊಟ್ಟವರಿಗೂ ಒಂದೇ ಪಂಕ್ತಿ.

ಗುರ್ಜಿ ಕರೆದಳೆಂದು ಮೋಡ ಬಂದೀತೆ? 2023ರಲ್ಲಿ ಎಲ್‌ನಿನೊ ಬಲಿತಾಗ ದೇಶ 1901ರಿಂದೀಚಿನ ಅತಿ ಒಣ ಆಗಸ್ಟನ್ನು ಕಂಡಿತು. ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಯಾವ ಕೊಡದ ನೀರೂ ಅದನ್ನು ತಡೆಯಲಿಲ್ಲ. ಆದರೆ ಒಂದು ಮನೆಯ ಚಿಂತೆ ಇಡೀ ಓಣಿಯ ಚಿಂತೆಯಾಗುವುದು ಆ ಕೊಡದ ನೀರಿನಿಂದಲೇ.

ಈಗ ಮಳೆಯ ಚಾಳಿಯೂ ಕೆಟ್ಟಿದೆ. ವಾರಗಟ್ಟಲೆ ಮುಖ ತೋರಿಸದೆ, ಬಂದರೆ ಎಲ್ಲವನ್ನೂ ಒಮ್ಮೆಲೇ ಸುರಿದುಬಿಡುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನರಗುಂದ, ಬಾದಾಮಿ ಕಡೆಯ ದಂಡೆಯೂರುಗಳು ನೀರಿನಲ್ಲಿ ನಿಂತವು. ಗುರ್ಜಿಯ ಹಾಡಿನಲ್ಲಿ ಬಾ ಎಂಬ ಕರೆಯುಂಟು, ಸಾಕು ಎಂಬ ಮಾತಿಲ್ಲ. ಮಳೆ ತಡವಾಗುವ ಕಾಲಕ್ಕೆ ಹುಟ್ಟಿದ ಆಚರಣೆ ಅದು. ಮಳೆ ದಿಕ್ಕುಗೆಟ್ಟ ಕಾಲಕ್ಕೆ ಬೇಕಾದ ಉಳಿದ ಮಾತನ್ನು ಊರೇ ಆಡಬೇಕು.

ಆಡುತ್ತದೆ ಕೂಡ. ಊಟ ಮುಗಿದು ಎಲೆ-ಅಡಿಕೆಯ ಚೀಲ ಬಿಚ್ಚಿದಾಗ ಹಿರಿಯರು ಬೆರಳು ಮಡಚುತ್ತ ಪುನರ್ವಸುವಿನ ಲೆಕ್ಕ ಹಾಕುತ್ತಾರೆ. ಪಕ್ಕದ ತರುಣ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕುತ್ತಾನೆ. ನಕ್ಷತ್ರಕ್ಕೂ ಉಪಗ್ರಹಕ್ಕೂ ಅಲ್ಲಿ ಜಗಳವಿಲ್ಲ. ಎರಡನ್ನೂ ಕೇಳಿಸಿಕೊಂಡೇ ತೀರ್ಮಾನ.

"ಹೆಸರಿಂದು ಟೈಮ್ ಹೋತು ಬಿಡ್ರಿ. ಸೂರ್ಯಕಾಂತಿ ಹಾಕೂಣು."

"ಬಿತ್ತೂದು ಆಮ್ಯಾಲ. ಮಳಿ ಬಂದ್ರ ನಿಲ್ಲಾಕ ಕೆರ್‍ಯಾಗ ಜಾಗಾ ಎಲ್ಲೈತಿ? ಹೂಳು ತುಂಬೈತಿ."

"ನಾಳೆ ಸೋಮವಾರಪಾ, ಎತ್ತು ಹೂಡಂಗಿಲ್ಲ."

"ಎತ್ತಿಗೆ ಸೋಮವಾರ ಖರೆ ಕಾಕಾ, ಟ್ರ್ಯಾಕ್ಟರಿಗೆ ಯಾವ ವಾರ? ಮುಂಜಾನೆ ಆರಕ್ಕ ಕೆರಿ ದಂಡಿಗೆ ಬರ್ರಿ."