ಮನೆಯ ಫೋನು: ತಾಮ್ರದ ತಂತಿಯದೋ, ಇಂಟರ್‌ನೆಟ್ಟಿನದೋ?

— ಕಬ್ಬು ಅಭಿವೃದ್ಧಿ ಅಧಿಕಾರಿ



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಬೀಜದ ಕಬ್ಬು, ಗೊಬ್ಬರ, ನೀರು, ಕೂಳೆ ಬೆಳೆಯ ಜೋಪಾನ ಇವುಗಳ ವಿಷಯ ಬರೆಯುತ್ತೇವೆ. ಈ ಸಲ ಫೋನಿನ ವಿಷಯ ಬರೆಯಲು ಕಾರಣವಿದೆ. ಗಟ್ ಕಚೇರಿಗೆ ಬರುವ ಸದಸ್ಯರಲ್ಲಿ ಅನೇಕರು ಒಂದೇ ಪ್ರಶ್ನೆ ಕೇಳುತ್ತಾರೆ: “ಸಾಹೇಬ್ರ, ಮನ್ಯಾಗಿನ ಹಳೇ ಫೋನ್ ಇಟ್ಟುಕೊಳ್ಳೂಣೇನು, ತೆಗಿಸಿ ಇಂಟರ್‌ನೆಟ್ಟಿನ ಫೋನ್ ಹಾಕಿಸೂಣೇನು?”

ಮೊಬೈಲು ಎಲ್ಲರ ಕಿಸೆಯಲ್ಲಿರುವಾಗ ಮನೆಯ ಫೋನು ಏತಕ್ಕೆ ಎಂದು ಕೆಲವರು ಕೇಳಬಹುದು. ಹಂಗಾಮು ಸುರುವಾದ ಮೇಲೆ ಮನೆಯ ಗಂಡಸರು ರಾತ್ರಿಯೆಲ್ಲ ಕಟಾವಿನ ಹೊಲದಲ್ಲಿ ಇಲ್ಲವೆ ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿ ಕಾಯುತ್ತ ಇರುತ್ತಾರೆ. ಮೊಬೈಲು ಅವರ ಜೊತೆಗೇ ಹೋಗುತ್ತದೆ. ತೋಟದ ಮನೆಯಲ್ಲಿ ಉಳಿಯುವವರು ವಯಸ್ಸಾದವರು, ಬಾಣಂತಿಯರು, ಮಕ್ಕಳು. ಹಾವು ಕಡಿದರೆ, ಎದೆ ನೋವು ಬಂದರೆ, ಅವರ ಕೈಗೆ ಸಿಗುವುದು ಗೋಡೆಯ ಹತ್ತಿರದ ಫೋನು ಮಾತ್ರ. ಆದುದರಿಂದ ಇದನ್ನು ಬಿಲ್ಲಿನ ಲೆಕ್ಕವೆಂದಷ್ಟೇ ನೋಡುವುದು ಸರಿಯಲ್ಲ.

ತಳಿಯನ್ನು ಆರಿಸುವಾಗ ನಾವು ನೆರೆಯವನ ಹೊಲ ನೋಡಿ ಬೀಜ ತರುವುದಿಲ್ಲ. ನೆಲ ಎಂಥದು, ನೀರು ಎಷ್ಟಿದೆ, ಲಾವಣಿ ಆಡಸಾಲಿಯದೋ ಸುರುವಿನದೋ ಎಂದು ನೋಡುತ್ತೇವೆ. ಫೋನಿಗೂ ಅದೇ ರೀತಿ. ಮೊದಲು ನೋಡಬೇಕಾದದ್ದು ಒಂದೇ: ಈ ಫೋನಿಗೆ ಕರೆಂಟು ಎಲ್ಲಿಂದ ಬರುತ್ತದೆ?

ತಾಮ್ರದ ತಂತಿಯ ಫೋನು

ನಮ್ಮ ದೇಶದಲ್ಲಿ ಮುಂಬಯಿ, ಕಲಕತ್ತಾ, ಮದ್ರಾಸುಗಳಲ್ಲಿ ದೂರವಾಣಿ ಎಕ್ಸ್‌ಚೇಂಜುಗಳು ತೆರೆದದ್ದು 1882ರಲ್ಲಿ. ಹಳ್ಳಿಗಳಿಗೆ ಅದು ಬರಲು ನೂರು ವರ್ಷ ಹಿಡಿಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಹವಾನಿಯಂತ್ರಣವಿಲ್ಲದೆ ಹಳ್ಳಿಯ ಬಿಸಿಲು ಧೂಳಿನಲ್ಲಿಯೂ ನಡೆಯುವ 128 ಲೈನುಗಳ ಸಣ್ಣ ಎಕ್ಸ್‌ಚೇಂಜನ್ನು ಸಿದ್ಧಪಡಿಸಿತು. ಅಂಥ ಮೊದಲನೆಯ ಎಕ್ಸ್‌ಚೇಂಜು 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲಿ ಸುರುವಾಯಿತು. ಅಲ್ಲಿಂದ ಮುಂದೆ ಹಳ್ಳಿಹಳ್ಳಿಗೂ ಫೋನು ಬಂದಿತು.

ಈ ಫೋನಿನ ಕೆಲಸ ಸರಳವಾದದ್ದು. ಎಕ್ಸ್‌ಚೇಂಜಿನಲ್ಲಿ 48 ವೋಲ್ಟಿನ ದೊಡ್ಡ ಬ್ಯಾಟರಿಗಳ ಸಾಲು ಇರುತ್ತದೆ. ಆ ವಿದ್ಯುತ್ತು ಎರಡು ತಾಮ್ರದ ಎಳೆಗಳ ಮೂಲಕ ನಿಮ್ಮ ಮನೆಯವರೆಗೆ ಬರುತ್ತದೆ. ರಿಸೀವರ್ ಎತ್ತಿದೊಡನೆ ಸುತ್ತು ಪೂರ್ಣವಾಗಿ ಕರೆಂಟು ಹರಿಯುತ್ತದೆ. ನಿಮ್ಮ ದನಿಯು ಅದೇ ಕರೆಂಟಿನ ಏರಿಳಿತವಾಗಿ ಸಾಗುತ್ತದೆ. ಮನೆಯಲ್ಲಿ ಕರೆಂಟು ಹೋಗಿದ್ದರೂ, ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೂ ಫೋನು ಮಾತಾಡುವುದು ಇದರಿಂದಲೇ. ಇಲ್ಲಿ ಒಂದು ಎಚ್ಚರಿಕೆ: ತಂತಿಯಿಲ್ಲದ ಹ್ಯಾಂಡ್‌ಸೆಟ್ಟಿನ ಕಾರ್ಡ್‌ಲೆಸ್ ಫೋನಿಗೆ ಮನೆಯ ಕರೆಂಟು ಬೇಕೇ ಬೇಕು. ಈ ಗುಣವಿರುವುದು ಹಳೆಯ ಸಾದಾ ಫೋನಿಗೆ ಮಾತ್ರ.

ದೋಷಗಳನ್ನೂ ಹೇಳಬೇಕು. ಮಳೆಗಾಲದಲ್ಲಿ ಕೇಬಲ್ಲಿನ ಜೋಡಣೆಗಳಿಗೆ ನೀರು ಹೊಕ್ಕು ಕರಕರ ಸಪ್ಪಳ ಬರುತ್ತದೆ. ತಾಮ್ರಕ್ಕೆ ಬೆಲೆಯಿರುವುದರಿಂದ ಕೇಬಲ್ಲೇ ಕಳುವಾಗುತ್ತದೆ. ಸಿಡಿಲಿನ ಹೊಡೆತ ತಂತಿಯ ಗುಂಟ ಮನೆಯೊಳಗೆ ಬರಬಲ್ಲದು. ಬಳಸುವವರು ಕಡಿಮೆಯಾದಂತೆ ದುರಸ್ತಿಯೂ ನಿಧಾನವಾಗುತ್ತದೆ. ಹೊಸದಾಗಿ ತಾಮ್ರದ ಸಂಪರ್ಕ ಸಿಗುವುದು ಈಗ ವಿರಳ. ಇದ್ದವರಿಗೂ ಫೈಬರಿಗೆ ಬದಲಾಯಿಸಿಕೊಳ್ಳಿರೆಂದು ಹೇಳಲಾಗುತ್ತಿದೆ.

ಇಂಟರ್‌ನೆಟ್ಟಿನ ಫೋನು

ಇದರಲ್ಲಿ ನಿಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಅಂಕಿಗಳನ್ನಾಗಿ ಮಾಡಿ, ಸಾಮಾನ್ಯವಾಗಿ ಸೆಕೆಂಡಿಗೆ 50 ಸಣ್ಣ ಪೊಟ್ಟಣಗಳಲ್ಲಿ ಕಟ್ಟಿ ಕಳಿಸಲಾಗುತ್ತದೆ. ಆಚೆ ಕಡೆ ಪೊಟ್ಟಣ ಬಿಚ್ಚಿ ಮತ್ತೆ ದನಿ ಮಾಡುತ್ತಾರೆ. ಒಂದು ಕರೆಗೆ ಸೆಕೆಂಡಿಗೆ ಸುಮಾರು 90 ಕಿಲೊಬಿಟ್ ಸಾಕು. ಒಂದು ತಾಸು ಮಾತಾಡಿದರೆ ಹೋಗಿ ಬರುವುದು ಸೇರಿ 80 ಮೆಗಾಬೈಟಿನಷ್ಟಾಗುತ್ತದೆ. ಫೈಬರಿನ ಮೇಲೆ ಇದು ಏನೂ ಅಲ್ಲ.

ಫೈಬರ್ ಎಂದರೆ ಕೂದಲೆಳೆಯಂಥ ಗಾಜು. ಅದರಲ್ಲಿ ಹರಿಯುವುದು ಬೆಳಕು, ಕರೆಂಟಲ್ಲ. ಹಾಗಾಗಿ ನೀರು ಹೊಕ್ಕು ಕರಕರ ಅನ್ನುವುದಿಲ್ಲ, ಗಾಜಿನ ಗುಂಟ ಸಿಡಿಲಿನ ಹೊಡೆತವೂ ಬರುವುದಿಲ್ಲ. ದನಿ ಸ್ವಚ್ಛ. ಅದೇ ಗೆರೆಯ ಮೇಲೆ ಮಕ್ಕಳ ಓದು, ಬ್ಯಾಂಕಿನ ಕೆಲಸ, ಕಾರ್ಖಾನೆಯ ತೂಕದ ಸಂದೇಶ ಎಲ್ಲವೂ ನಡೆಯುತ್ತದೆ. ಆದರೆ ಗಾಜಿನಲ್ಲಿ ಕರೆಂಟು ಬರುವುದಿಲ್ಲವಾದ್ದರಿಂದ, ಎಕ್ಸ್‌ಚೇಂಜಿನ ಬ್ಯಾಟರಿಯು ನಿಮ್ಮ ಫೋನಿಗೆ ಉಪಯೋಗವಿಲ್ಲ. ಬೆಳಕನ್ನು ದನಿ ಮಾಡುವ ಪೆಟ್ಟಿಗೆ ನಿಮ್ಮ ಮನೆಯ ಗೋಡೆಯ ಮೇಲಿರುತ್ತದೆ. ಅದು ನಿಮ್ಮ ಮನೆಯ ಕರೆಂಟಿನ ಮೇಲೆಯೇ ನಡೆಯಬೇಕು.

ರೈತರಿಗೆ ಹೇಳುವುದಾದರೆ, ತಾಮ್ರದ ಫೋನು ಕಾಲುವೆಯ ನೀರಿದ್ದ ಹಾಗೆ. ಮೇಲಿನವರು ಬಿಟ್ಟರೆ ತಾನಾಗಿ ಹರಿದುಬರುತ್ತದೆ. ಇಂಟರ್‌ನೆಟ್ಟಿನ ಫೋನು ಬಾವಿಯ ಪಂಪ್‌ಸೆಟ್ಟಿದ್ದ ಹಾಗೆ. ನೀರು ಎಷ್ಟೇ ಇರಲಿ, ಕರೆಂಟಿಲ್ಲದಿದ್ದರೆ ಹನಿಯೂ ಬರುವುದಿಲ್ಲ.

ಈ ಮಾತು ನನಗೆ ತಡವಾಗಿ ತಿಳಿಯಿತು. ಊರಿನಲ್ಲಿ ತಾಯಿಯವರಿರುವ ಮನೆಯ ಹಳೆಯ ಫೋನು ತೆಗೆಸಿ ಫೈಬರಿನದನ್ನು ಹಾಕಿಸಿದ್ದೆ. ವೈಶಾಖದ ಒಂದು ಗಾಳಿಮಳೆಗೆ ಕಂಬಗಳು ಬಿದ್ದು ಎರಡು ದಿನ ಕರೆಂಟಿರಲಿಲ್ಲ. ಎರಡನೆಯ ರಾತ್ರಿ ತಾಯಿಯವರಿಗೆ ತಲೆ ಸುತ್ತಿ ಬಂದಿತು. ಜೊತೆಗಿದ್ದ ಹುಡುಗಿ ಫೋನೆತ್ತಿದರೆ ಸಪ್ಪಳವಿಲ್ಲ, ಮೊಬೈಲಿನಲ್ಲಿ ಚಾರ್ಜಿಲ್ಲ. ಕತ್ತಲಲ್ಲಿ ಎರಡು ಹೊಲ ದಾಟಿ ಓಡಿ ನೆರೆಯವರನ್ನು ಎಬ್ಬಿಸಿದಳು. ಅಪಾಯವಾಗಲಿಲ್ಲ. ಫೋನಿನಲ್ಲಿ ದೋಷವೇನೂ ಇರಲಿಲ್ಲ. ಕರೆಂಟಿನ ವಿಷಯ ಕೇಳದೆ ಹಾಕಿಸಿದ್ದು ನನ್ನ ತಪ್ಪು. ರೈತರಿಗೆ ದಿನಾಲು ಸಲಹೆ ಕೊಡುವ ನಾನೇ ಹೀಗೆ ಮಾಡಿದ್ದರಿಂದ ಇದನ್ನು ಬರೆಯುವುದು ಅವಶ್ಯವೆನಿಸಿತು.

ಬ್ಯಾಟರಿಯ ಲೆಕ್ಕ

ಮನೆಯಲ್ಲಿ ಇನ್ವರ್ಟರ್ ಇದ್ದರೆ ಕೆಲಸ ಸುಲಭ. ಪೆಟ್ಟಿಗೆಯ ಅಡಾಪ್ಟರನ್ನು ಇನ್ವರ್ಟರಿನ ಪಾಯಿಂಟಿಗೇ ಹಾಕಿಸಿರಿ. ಇಲ್ಲದವರು ಇಂಥ ಪೆಟ್ಟಿಗೆಗಳಿಗೆಂದೇ ಸಿಗುವ ಸಣ್ಣ ಯು.ಪಿ.ಎಸ್. ಕೊಳ್ಳಬೇಕು. ಕೊಳ್ಳುವ ಮೊದಲು ಅಡಾಪ್ಟರಿನ ಮೇಲಿನ ಬರಹ ನೋಡಿರಿ. 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಅದು ಹೆಚ್ಚೆಂದರೆ 12 ವ್ಯಾಟ್ ತೆಗೆದುಕೊಳ್ಳುತ್ತದೆ. 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 84 ವ್ಯಾಟ್-ಅವರ್ ಇರುತ್ತದೆ. ಪೂರ್ತಿ ಬರಿದು ಮಾಡಬಾರದು, ನಡುವೆ ನಷ್ಟವೂ ಉಂಟು. 50 ಕೈಗೆ ಸಿಗುತ್ತದೆಂದು ಹಿಡಿಯಿರಿ. ಅಂದರೆ ಸುಮಾರು 4 ತಾಸು. ನಿಮ್ಮ ಫೀಡರಿನಲ್ಲಿ ಕರೆಂಟು ಒಮ್ಮೆಗೆ ಎಷ್ಟು ತಾಸು ಹೋಗುತ್ತದೆಂಬುದು ನಿಮಗೇ ಗೊತ್ತು. ಅದಕ್ಕೆ ತಕ್ಕ ಬ್ಯಾಟರಿ ಆರಿಸಿರಿ.

ಔಷಧಿ ಹೊಡೆಯುವ ಪಂಪಿನ ಬ್ಯಾಟರಿಯೂ 12 ವೋಲ್ಟಿನದೇ ಅಲ್ಲವೇ, ಅದರಿಂದ ನೇರ ತಂತಿ ಎಳೆದರಾಯಿತು ಎಂದು ಯಾರೂ ಮಾಡಬಾರದು. ಅಧಿಕ-ಉಣೆ ಅದಲು ಬದಲಾದರೆ ಪೆಟ್ಟಿಗೆ ಸುಡುತ್ತದೆ.

ಇನ್ನೊಂದು ಮಾತು. ನಿಮ್ಮ ಪೆಟ್ಟಿಗೆ ನಡೆದರಷ್ಟೇ ಸಾಲದು. ಊರಿನಲ್ಲಿ ಕಂಪನಿಯವರು ಅಥವಾ ಅವರ ಕೇಬಲ್‌ನವರು ಇಟ್ಟಿರುವ ಯಂತ್ರಕ್ಕೂ ಬ್ಯಾಟರಿಯಿರಬೇಕು. ಅದು ನಿಂತರೆ ನಿಮ್ಮದೂ ನಿಲ್ಲುತ್ತದೆ.

ಕಬ್ಬಿನ ಸೀಮೆಯ ತೊಂದರೆಗಳು

ಪಟ್ಟಣದಲ್ಲಿಲ್ಲದ ಕೆಲವು ಅಪಾಯಗಳು ನಮ್ಮಲ್ಲಿವೆ. ಫೈಬರನ್ನು ಬಹುತೇಕ ಕಂಬದಿಂದ ಕಂಬಕ್ಕೆ ತೂಗುಹಾಕುತ್ತಾರೆ. ಎತ್ತರಕ್ಕೆ ಹೇರಿದ ಕಬ್ಬಿನ ಟ್ರೇಲಿ ಅದರ ಕೆಳಗೆ ಹೋಗುವಾಗ ಸಿಕ್ಕಿ ಹರಿಯುತ್ತದೆ. ಹೊಲದ ದಾರಿಯನ್ನು ಅಡ್ಡ ದಾಟುವಲ್ಲಿ ಕೇಬಲ್ಲು ಹೇರಿದ ಟ್ರೇಲಿಗಿಂತ ಸಾಕಷ್ಟು ಎತ್ತರದಲ್ಲಿರಬೇಕೆಂದು ಹಾಕುವ ದಿನವೇ ಹೇಳಿರಿ. ಪೈಪ್‌ಲೈನಿಗಾಗಿ ಜೆ.ಸಿ.ಬಿ. ತರಿಸುವಾಗ ನೆಲದೊಳಗಿನ ಕೇಬಲ್ಲು ಎಲ್ಲಿದೆ ಎಂದು ಮೊದಲು ತೋರಿಸಿರಿ.

ಎಲ್ಲಕ್ಕೂ ದೊಡ್ಡದು ರವದಿಯ ಬೆಂಕಿ. ಕಟಾವಾದ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿದರೆ ಬದುವಿನ ಗುಂಟ ಹೋದ ಕೇಬಲ್ಲು ಕರಗುತ್ತದೆ. ಒಬ್ಬರ ಬೆಂಕಿಗೆ ಹತ್ತು ಮನೆಯ ಫೋನು ನಿಲ್ಲುತ್ತದೆ. ರವದಿ ಸುಡಬೇಡಿರಿ, ಸಾಲಿನಲ್ಲಿ ಹೊದಿಸಿ ಕೊಳೆಸಿರಿ ಎಂದು ನಾವು ಪ್ರತಿ ವರ್ಷ ಹೇಳುತ್ತೇವೆ. ಈಗ ಅದಕ್ಕೆ ಇನ್ನೊಂದು ಕಾರಣ ಸೇರಿದೆ.

ಆಪತ್ತಿನ ಕರೆ

ತುರ್ತು ಸಹಾಯಕ್ಕೆ 112, ಆಂಬ್ಯುಲೆನ್ಸಿಗೆ 108. ಎರಡೂ ಬಗೆಯ ಮನೆಯ ಫೋನಿನಿಂದ ಈ ನಂಬರು ಒತ್ತಬಹುದು. ವಾಟ್ಸ್ಆ್ಯಪ್ ಕರೆಯಿಂದ ಇವು ಸಿಗುವುದಿಲ್ಲ. ಅದನ್ನು ಮನೆಯ ಫೋನಿನ ಬದಲೆಂದು ತಿಳಿಯಬಾರದು.

ಗಡಿಯ ಊರುಗಳಲ್ಲಿ ಮೊಬೈಲು ಒಮ್ಮೊಮ್ಮೆ ಆಚೆ ರಾಜ್ಯದ ಟವರನ್ನು ಹಿಡಿಯುತ್ತದೆಂಬುದು ನಮಗೆಲ್ಲ ಗೊತ್ತು. ಅಕ್ಕಲಕೋಟೆ, ಜತ್ತ ತಾಲೂಕಿನಿಂದ ಮಾಡಿದ ತುರ್ತು ಕರೆ ಕರ್ನಾಟಕದ ಕೇಂದ್ರಕ್ಕೆ ಹೋಗಬಹುದು. ಆದುದರಿಂದ ಮೊಬೈಲಿನಲ್ಲಿ ಮಾತಾಡುವಾಗ ಮೊದಲು ರಾಜ್ಯ, ಜಿಲ್ಲೆ, ತಾಲೂಕು, ಊರು ಇಷ್ಟನ್ನು ಹೇಳಿ ಮುಂದಿನದನ್ನು ಹೇಳಬೇಕು. ಮನೆಯ ಫೋನು ಆಚೆಯ ಟವರನ್ನು ಹಿಡಿಯುವ ಪ್ರಶ್ನೆಯೇ ಇಲ್ಲ. ಇದು ಅದರ ದೊಡ್ಡ ಗುಣ.

ಮಕ್ಕಳಿಗೂ ಹಿರಿಯರಿಗೂ ಇನ್ನೊಂದನ್ನು ಕಲಿಸಿರಿ: 2021ರ ಜನವರಿ 15ರಿಂದ ಮನೆಯ ಫೋನಿನಿಂದ ಮೊಬೈಲಿಗೆ ಮಾಡುವಾಗ ನಂಬರಿನ ಹಿಂದೆ 0 ಒತ್ತಬೇಕು. ಇದು ಗೊತ್ತಿಲ್ಲದೆ “ಫೋನ್ ಹತ್ತವಲ್ದು” ಎಂದು ಬಿಡುವವರಿದ್ದಾರೆ. 112, 108ಕ್ಕೆ ಸೊನ್ನೆ ಬೇಡ.

ಹಾಕಿಸುವ ಮೊದಲು ಕೇಳಬೇಕಾದದ್ದು

1. ನನ್ನ ಹಳೆಯ ನಂಬರು ಉಳಿಯುತ್ತದೆಯೇ? ಅದೇ ಕಂಪನಿಯ ಫೈಬರಿಗೆ ಬದಲಾಯಿಸಿದರೆ ಉಳಿಸಿಕೊಳ್ಳಲು ಬಹುಮಟ್ಟಿಗೆ ಅವಕಾಶವಿದೆ. ಬೇರೆ ಕಂಪನಿಗೆ ಹೋದರೆ ಹೊಸ ನಂಬರು. ನಂಬರು ಸಮೇತ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಲ್ಲಿ ದೇಶದೆಲ್ಲೆಡೆ ಬಂದದ್ದು ಮೊಬೈಲಿಗೆ.

2. ಕರೆಂಟು ಹೋದಾಗ ಊರಿನಲ್ಲಿರುವ ನಿಮ್ಮ ಯಂತ್ರ ಎಷ್ಟು ತಾಸು ನಡೆಯುತ್ತದೆ?

3. ಗೆರೆ ಹರಿದರೆ ಜೋಡಿಸುವವರು ಎಲ್ಲಿಂದ ಬರುತ್ತಾರೆ? ಈಗಾಗಲೇ ಹಾಕಿಸಿದ ನೆರೆಯವರನ್ನೂ ವಿಚಾರಿಸಿರಿ.

4. ಮನೆಯಲ್ಲಿರುವ ಫೋನು ಇದಕ್ಕೆ ನಡೆಯುತ್ತದೆಯೇ? ಗುಂಡಿ ಒತ್ತುವ ಫೋನು ನಡೆಯುತ್ತದೆ. ಬೆರಳು ಹಾಕಿ ತಿರುಗಿಸುವ ಹಳೆಯ ಫೋನು ಅನೇಕ ಪೆಟ್ಟಿಗೆಗಳಿಗೆ ಹೊಂದುವುದಿಲ್ಲ.

5. ಪೆಟ್ಟಿಗೆಯ ಠೇವಣಿ, ಹಾಕುವ ಖರ್ಚು, ಜಿ.ಎಸ್.ಟಿ. ಎಲ್ಲ ಸೇರಿ ವರ್ಷಕ್ಕೆ ಎಷ್ಟು? ತಿಂಗಳ ದರವನ್ನಷ್ಟೇ ಕೇಳಿ ಒಪ್ಪಬಾರದು.

ಹಾಗಾದರೆ ಯಾವುದನ್ನು ಆರಿಸಬೇಕು?

ತಾಮ್ರದ ಗೆರೆ ಇನ್ನೂ ಸ್ವಚ್ಛವಾಗಿ ಮಾತಾಡುತ್ತಿದ್ದು, ಮನೆಯಲ್ಲಿ ವಯಸ್ಸಾದವರೇ ಇದ್ದು, ಇಂಟರ್‌ನೆಟ್ಟಿನ ಅವಶ್ಯಕತೆ ಇಲ್ಲದಿದ್ದರೆ ಅವಸರದಿಂದ ತೆಗೆಸಬೇಡಿರಿ. ಸಾದಾ ತಂತಿಯ ಫೋನನ್ನೇ ಇಡಿರಿ. ಆದರೆ ಅದು ಕಾಯಂ ಇರುತ್ತದೆಂದು ನಂಬಿ ಕೂಡುವ ಹಾಗಿಲ್ಲ.

ಗೆರೆ ತಿಂಗಳಲ್ಲಿ ಅರ್ಧ ದಿನ ಸತ್ತೇ ಇರುತ್ತಿದ್ದರೆ, ಅಥವಾ ಓದುವ ಮಕ್ಕಳಿದ್ದರೆ, ಫೈಬರಿನ ಫೋನು ಹಾಕಿಸಿರಿ. ಬ್ಯಾಟರಿಯನ್ನು ಅದೇ ದಿನ ಹಾಕಿಸಿರಿ, ನಾಳೆಗೆ ಬಿಡಬೇಡಿರಿ. ಹಾಕಿಸಿದ ಮೇಲೆ ಮೇನ್ ಸ್ವಿಚ್ ತೆಗೆದು, ಒಂದು ಕರೆ ಮಾಡಿ ನೋಡಿರಿ. ಆರು ತಿಂಗಳಿಗೊಮ್ಮೆ ಹೀಗೆಯೇ ಪರೀಕ್ಷಿಸಿರಿ. ಬ್ಯಾಟರಿ ಹಳತಾದಂತೆ ತಾಸುಗಳು ಕಡಿಮೆಯಾಗುತ್ತವೆ.

ತೋಟದ ಮನೆಯವರೆಗೆ ಫೈಬರೂ ಬರದಿದ್ದರೆ, ಸಾದಾ ಗುಂಡಿಯ ಮೊಬೈಲೊಂದನ್ನು ಮನೆಗೆಂದೇ ಇಡಿರಿ. ಅದು ಯಾರ ಕಿಸೆಗೂ ಹೋಗಬಾರದು. ಗೋಡೆಯ ಗೂಟದ ಹತ್ತಿರ ಚಾರ್ಜಿಗೆ ಹಚ್ಚಿ ಇಡತಕ್ಕದ್ದು.

ಯಾವುದನ್ನೇ ಆರಿಸಿದರೂ ಒಂದೇ ಗೂಟಕ್ಕೆ ಎರಡೂ ಎತ್ತು ಕಟ್ಟಬೇಡಿರಿ. ಮನೆಯ ಫೋನು ಒಂದು, ಚಾರ್ಜಿರುವ ಮೊಬೈಲು ಒಂದು, ಹೀಗೆ ಎರಡು ದಾರಿ ಇರಲಿ. ವೈದ್ಯರ, ನೆರೆಯವರ, ಗಟ್ ಕಚೇರಿಯ, ನಿಮ್ಮ ಚಿಟ್‌ಬಾಯ್‌ನ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಮೇಲುಗಡೆ ಗೋಡೆಗೆ ಅಂಟಿಸಿರಿ. ನಂಬರು ಬದಲಾದವರು ಹಂಗಾಮು ಸುರುವಾಗುವ ಮೊದಲೇ ಗಟ್ ಕಚೇರಿಯಲ್ಲಿ ಹೊಸ ನಂಬರನ್ನು ನೋಂದಾಯಿಸಬೇಕು. ಇಲ್ಲವಾದರೆ ಕಟಾವಿನ ಪಾಳಿಯ ಸುದ್ದಿ ಹಳೆಯ ನಂಬರಿಗೆ ಹೋಗಿ, ಟೋಳಿ ಬಂದು ಬಾಂದಿನ ಮೇಲೆ ನಿಂತಾಗ ಮನೆಯಲ್ಲಿ ಯಾರೂ ಇಲ್ಲದಂತಾಗುತ್ತದೆ.

ಕಬ್ಬು ಬೆಳೆಯಲು ಹದಿನೆಂಟು ತಿಂಗಳಾದರೂ ಕಾಯಬಹುದು. ರಾತ್ರಿಯ ಆಪತ್ತು ಕಾಯುವುದಿಲ್ಲ. ಈ ವಾರ ಒಂದು ಸಂಜೆ ಕರೆಂಟು ಹೋದಾಗ ನಿಮ್ಮ ಮನೆಯ ಫೋನನ್ನು ಎತ್ತಿ ಕೇಳಿರಿ. ಸಪ್ಪಳ ಬಂದರೆ ಸಮಾಧಾನ. ಬರದಿದ್ದರೆ ಮಾಡಬೇಕಾದದ್ದನ್ನು ಮೇಲೆ ಹೇಳಿದೆ.