ಗೇಣಿಯ ಗದ್ದೆಗೆ ಬಂದ ಸ್ವಾತಂತ್ರ್ಯ

ಆಗಸ್ಟ್ 15 ನಮ್ಮ ಕರಾವಳಿಗೆ ಮಳೆಗಾಲದ ಹಬ್ಬ. ಸೌರಮಾನದ ಕರ್ಕಾಟಕ ಮಾಸ ಇನ್ನೂ ಮುಗಿದಿರುವುದಿಲ್ಲ. ಹೊಸ ಬೆಳೆ ಗದ್ದೆಯಲ್ಲಿಯೇ ಇರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಶಾಲೆಗಳಲ್ಲಿ ಮಕ್ಕಳು ಕೊಡೆ ಹಿಡಿದು ಸಾಲಾಗಿ ನಿಲ್ಲುತ್ತಾರೆ. ನೆನೆದ ಬಾವುಟ ಕಂಬಕ್ಕೆ ಅಂಟಿಕೊಳ್ಳುತ್ತದೆ. ಶಾಲೆಯ ಅಂಗಳದಾಚೆ ಹಬ್ಬಿದ ಹಸುರನ್ನು ಕಂಡಾಗ ಒಂದು ಪ್ರಶ್ನೆ ಏಳುತ್ತದೆ: ಈ ಗದ್ದೆಗೆ ಸ್ವಾತಂತ್ರ್ಯ ಬಂದುದು ಯಾವಾಗ?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಈ ಸೀಮೆ ಕಂಪೆನಿಯ ಕೈಸೇರಿತು. 1947ರಲ್ಲಿ ಪರರ ಆಳ್ವಿಕೆ ಕೊನೆಗಂಡಾಗ ಕುಂದಾಪುರವು ಮದರಾಸು ಪ್ರಾಂತದ ಒಂದು ತಾಲೂಕು. ಶಿರೂರನ್ನು ದಾಟಿ ಭಟ್ಕಳದ ನೆಲಕ್ಕೆ ಕಾಲಿಟ್ಟರೆ ಅದು ಮುಂಬಯಿ ಪ್ರಾಂತ. ಒಂದೇ ನುಡಿಯ ನಡುವಣ ಆ ಗಡಿ ಅಳಿದುದು 1956ರ ನವೆಂಬರ್ 1ರಂದು.

ಆದರೆ ಗದ್ದೆಯ ಬದುವಿನೊಳಗಿನ ಕಟ್ಟುಪಾಡು ಅಳಿಯಲಿಲ್ಲ. ಮೂಲಗೇಣಿಯವನಿಗೆ ಶಾಶ್ವತವಾದ ಹಕ್ಕಿತ್ತು, ಚಾಲಗೇಣಿಯವನಿಗೆ ಅದಿರಲಿಲ್ಲ. ಉತ್ತು ಬೆಳೆದವನು ಅಕ್ಕಿಯ ಮುಡಿ ಕಟ್ಟಿ ಧಣಿಯ ಅಂಗಳಕ್ಕೆ ಹೊರಬೇಕಾಗಿತ್ತು. ಗೇಣಿ ತಪ್ಪಿದರೆ ಒಕ್ಕಲೆಬ್ಬಿಸಿಯಾರೆಂಬ ಅಂಜಿಕೆ ಅವನನ್ನು ಬಿಡಲಿಲ್ಲ. ಬಾವುಟಕ್ಕೆ ವಂದಿಸಿ ಮನೆಗೆ ಮರಳಿದ ಮಗು ಕಾಣುತ್ತಿದ್ದುದು ಅದೇ ಅಂಜಿಕೆಯನ್ನು.

ದೇವರಾಜ ಅರಸು ಅವರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾನೂನು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿದಾರರು ಭೂನ್ಯಾಯಮಂಡಳಿಗೆ ಅರ್ಜಿಯಿಟ್ಟರು. ತಲೆಮಾರುಗಳಿಂದ ಉತ್ತ ನೆಲ ಅನೇಕರ ಸ್ವಂತವಾಯಿತು. ಗೇಣಿಯ ಅಕ್ಕಿಯನ್ನೇ ನೆಚ್ಚಿದ್ದ ಕೆಲವು ಸಣ್ಣ ಮನೆತನಗಳು ನೊಂದುದೂ ನಿಜ. ಆದರೂ ಹಲವು ಒಕ್ಕಲು ಮನೆಗಳಿಗೆ 1947ರ ಅರ್ಥ ತಿಳಿದುದು ಆಗಲೇ.

ಎಲ್ಲ ಮನೆಗಳಿಗೂ ಅದು ತಿಳಿಯಿತೇ? ಇಂದು ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು, ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದವರು. ಅವರ ‘ಚೋಮನ ದುಡಿ’ಯ ಚೋಮ ಬಯಸಿದ್ದು ತಾನೇ ಉಳುವ ಒಂದು ತುಂಡು ನೆಲವನ್ನು. ಅವನು ಗೇಣಿದಾರನಲ್ಲ, ಆಳು. 1974ರ ಕಾನೂನು ಗೇಣಿದಾರನ ಕೈ ಹಿಡಿಯಿತು. ಗೇಣಿಯ ಹಕ್ಕೂ ಇಲ್ಲದೆ ಪರರ ಗದ್ದೆಯಲ್ಲಿ ದುಡಿದ ಚೋಮನಂಥವರಿಗೆ ಉಳುವ ನೆಲ ಅದರಿಂದ ದೊರೆಯಲಿಲ್ಲ.

ಉಪಾಧ್ಯಾಯರು ಧ್ವಜವಂದನೆಯ ಬಳಿಕ ಮಿಠಾಯಿ ಹಂಚುವಾಗ ಮಕ್ಕಳಿಗೆ ಒಂದು ಮಾತು ಹೇಳಲಿ: ‘ನಮ್ಮ ಗದ್ದೆ ನಮ್ಮದಾದುದು ಹೇಗೆಂದು ಮನೆಯ ಹಿರಿಯರನ್ನು ಕೇಳಿ ಬನ್ನಿ.’ ಗದ್ದೆಯೇ ಇಲ್ಲದ ಮನೆಯ ಮಗುವೂ ಆ ಸಾಲಿನಲ್ಲಿ ನಿಂತಿರುತ್ತದೆ. ಅದು ತರುವ ಉತ್ತರವನ್ನು ಎಲ್ಲರಿಗಿಂತ ಮೊದಲು ಕೇಳಬೇಕು.