ಕೂದಲು, ಕೊಳವೆಬಾವಿ ಮತ್ತು ಕತ್ತರಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ—ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿಗೆ ಹೋದರೂ ಒಂದು ದೂರು ಕಿವಿಗೆ ಬೀಳುತ್ತದೆ: “ಬೋರ್‌ವೆಲ್ ನೀರಿನಿಂದ ಕೂದಲೆಲ್ಲ ಉದುರಿಹೋಯಿತು.” ನಮ್ಮ ವಿದ್ಯಾರ್ಥಿನಿಯರು ಹೇಳುವುದೂ ಇದನ್ನೇ. ಈ ಮಾತಿನಲ್ಲಿ ಸತ್ಯವೆಷ್ಟು? ಅದನ್ನು ತಿಳಿಯಲು ಮೊದಲು ಕೂದಲೆಂದರೇನೆಂಬುದನ್ನು ನೋಡೋಣ.

ಕೂದಲಿಗೆ ಜೀವವಿರುವುದು ಚರ್ಮದೊಳಗೆ ಹುದುಗಿರುವ ಬುಡದಲ್ಲಿ ಮಾತ್ರ. ಹೊರಗೆ ಕಾಣುವುದೆಲ್ಲ ಕೆರಾಟಿನ್ ಎಂಬ ಪ್ರೋಟೀನಿನ ನಿರ್ಜೀವ ಎಳೆ. ನಮ್ಮ ಉಗುರಿನಲ್ಲಿಯೂ ದನದ ಕೊಂಬಿನಲ್ಲಿಯೂ ಇರುವುದು ಇದೇ ದ್ರವ್ಯ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಅಂದಮೇಲೆ 60 ಸೆಂಟಿಮೀಟರ್ ಉದ್ದದ ಜಡೆಯ ತುದಿ ಹುಟ್ಟಿ ಐದು ವರ್ಷಗಳಾದುವು! ಅಷ್ಟು ಕಾಲದ ಬಿಸಿಲನ್ನೂ ಸಾಬೂನನ್ನೂ ಬಾಚಣಿಗೆಯನ್ನೂ ಅದು ಸಹಿಸಿಕೊಂಡಿದೆ. ಸವೆದುದನ್ನು ತಾನಾಗಿ ಸರಿಪಡಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಆದುದರಿಂದ ಕೂದಲಿನ ಆರೈಕೆಯೆಂದರೆ ಪೋಷಣೆಯಲ್ಲ, ಸವೆತವನ್ನು ತಡೆಯುವುದು.

ಕೂದಲನ್ನು ಪ್ರಬಲವಾದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಒರಗಿದ ಹುರುಪೆಗಳು ಕಾಣುತ್ತವೆ. ಅವುಗಳ ಅಂಚು ತುದಿಯ ಕಡೆಗೆ ಚಾಚಿರುತ್ತದೆ. ನೀಳವಾದ ಒಂದು ಕೂದಲ ಮೇಲೆ ಬೆರಳುಗಳನ್ನು ಬುಡದಿಂದ ತುದಿಯವರೆಗೆ ಜಾರಿಸಿರಿ, ನುಣುಪಾಗಿರುತ್ತದೆ. ತುದಿಯಿಂದ ಬುಡಕ್ಕೆ ಜಾರಿಸಿರಿ, ತುಸು ಒರಟೆನಿಸುತ್ತದೆ. ಹುರುಪೆಗಳು ಒತ್ತಾಗಿ ಮಲಗಿದ್ದರೆ ಬೆಳಕು ಕ್ರಮವಾಗಿ ಪ್ರತಿಫಲಿಸಿ ಕೂದಲು ಹೊಳೆಯುತ್ತದೆ. ಎದ್ದು ಮುರಿದಿದ್ದರೆ ಬೆಳಕು ಚದರಿ ಮಂಕಾಗುತ್ತದೆ.

ಇನ್ನು ನೀರಿನ ವಿಷಯ. ನಮ್ಮ ಸೀಮೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ಹೊಳೆಯಿಲ್ಲ. ಬಹು ಮಂದಿಗೆ ಕೊಳವೆಬಾವಿಯೇ ಗತಿ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಒಂದು ಸೀಸೆಯಲ್ಲಿ ಮಳೆನೀರನ್ನೂ ಇನ್ನೊಂದರಲ್ಲಿ ಕೊಳವೆಬಾವಿಯ ನೀರನ್ನೂ ತೆಗೆದುಕೊಂಡು, ಎರಡಕ್ಕೂ ಒಂದೇ ಪ್ರಮಾಣದ ಸಾಬೂನಿನ ಚೂರುಗಳನ್ನು ಹಾಕಿ ಕುಲುಕಿರಿ. ಮೊದಲನೆಯದು ಬೇಗ ನೊರೆಯುತ್ತದೆ. ಎರಡನೆಯದರ ನೀರು ಗಡಸಾಗಿದ್ದರೆ ನೊರೆಗೆ ಬದಲು ಬಿಳಿಯ ಗಸಿ ಕಾಣುತ್ತದೆ. ಕೂದಲಿಗೆ ಅಂಟಿ ಅದನ್ನು ಒರಟು ಮಾಡುವುದು ಈ ಗಸಿಯೇ. ಒರಟಾದ ಕೂದಲು ಸಿಕ್ಕಾಗುತ್ತದೆ. ಸಿಕ್ಕನ್ನು ಎಳೆದರೆ ತುಂಡಾಗುತ್ತದೆ.

ಆದರೆ ತುಂಡಾಗುವುದು ಬೇರೆ, ಉದುರುವುದು ಬೇರೆ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿದು ನೋಡಿರಿ. ಒಂದು ಕೊನೆಯಲ್ಲಿ ಬೆಳ್ಳಗಿನ ಸಣ್ಣ ಗುಂಡು ಇದ್ದರೆ ಅದು ಬುಡದಿಂದಲೇ ಬಂದುದು. ಅದಕ್ಕೆ ನೀರನ್ನು ದೂರುವಂತಿಲ್ಲ. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಸಹಜವೇ. ಅದಕ್ಕಿಂತ ಬಹಳ ಹೆಚ್ಚಾದರೆ ಕಾರಣ ದೇಹದೊಳಗಿರಬಹುದು. ತೀವ್ರ ಜ್ವರವಾಗಲಿ ಹೆರಿಗೆಯಾಗಲಿ ಕಳೆದು ಎರಡು ಮೂರು ತಿಂಗಳಿಗೆ ಕೂದಲು ಉದುರುವುದುಂಟು. ಥೈರಾಯ್ಡ್ ದೋಷದಿಂದಲೂ ಕಬ್ಬಿಣಾಂಶದ ಕೊರತೆಯಿಂದಲೂ ಹೀಗಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯವರು. ಮಗಳ ಕೂದಲುದುರಿದರೆ ಹೊಸ ಎಣ್ಣೆಯ ಸೀಸೆ ತರುವ ಮೊದಲು ಅವಳ ರಕ್ತಪರೀಕ್ಷೆ ಮಾಡಿಸುವುದು ಲೇಸು. ನೀರನ್ನು ದೂರುತ್ತ ಕುಳಿತರೆ ರೋಗ ಮರೆಯಲ್ಲಿಯೇ ಉಳಿಯುತ್ತದೆ.

ಗಡಸು ನೀರಿಗೆ ಉಪಾಯಗಳು ಸುಲಭ. ತಲೆಗೆ ಮೈಸಾಬೂನು ಬೇಡ. ಸೀಗೆಕಾಯಿಯ ನೊರೆ ಸಾಬೂನಿನಂತೆ ಗಸಿಗಟ್ಟುವುದಿಲ್ಲ, ಶಾಂಪೂವಿನದೂ ಅಷ್ಟೇ. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಎರಡು ಚೊಂಬು ಅದನ್ನೇ ಸುರಿದುಕೊಳ್ಳಿರಿ. ಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ಅಜ್ಜಿಯರ ಪದ್ಧತಿಯೂ ಯುಕ್ತವಾದುದೇ: ಅದು ಕೂದಲಿನ ಪ್ರೋಟೀನು ನಷ್ಟವಾಗುವುದನ್ನು ತಗ್ಗಿಸುತ್ತದೆಂದು 2003ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಒದ್ದೆ ಕೂದಲು ಬಲಹೀನ. ಅದನ್ನು ಬಿರುಸಾಗಿ ಉಜ್ಜದೆ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕನ್ನು ಮೊದಲು ಬಿಡಿಸಬೇಕು.

ಇಷ್ಟಾದರೂ ಹಳೆಯ ತುದಿ ಕವಲೊಡೆಯುತ್ತದೆ. ಅದಕ್ಕೆ ಮದ್ದು ಕತ್ತರಿಯೊಂದೇ. ಮೊಂಡು ಕತ್ತರಿ ಎಳೆಯನ್ನು ಜಜ್ಜಿ ಹೊಸ ಸೀಳಿಗೆ ದಾರಿ ಮಾಡುತ್ತದೆ. ಹರಿತವಾದುದು ನೇರವಾಗಿ ಕಡಿಯುತ್ತದೆ. ಕುಶಲ ಕ್ಷೌರಿಕನಿಗೆ ಇನ್ನೊಂದು ಗುಟ್ಟೂ ಗೊತ್ತು. ತೇವದಲ್ಲಿ ಕೂದಲು ನೀಳವಾಗುತ್ತದೆ; ಜಿನೀವಾದ ಸೊಸ್ಯೂರ್ 1783ರ ಹೊತ್ತಿಗೆ ಗಾಳಿಯ ತೇವವನ್ನಳೆಯುವ ಕೂದಲಿನ ಉಪಕರಣವನ್ನು ರಚಿಸಿದುದು ಈ ಗುಣದಿಂದಲೇ. ಗುಂಗುರು ಕೂದಲಂತೂ ಒದ್ದೆಯಾದಾಗ ಇಳಿಬಿದ್ದು ಒಣಗಿದ ಮೇಲೆ ಗಿಡ್ಡವಾಗುತ್ತದೆ. ಎಷ್ಟು ಬಿಟ್ಟು ಕತ್ತರಿಸಬೇಕೆಂಬುದನ್ನು ಅವನ ಕೈ ಲೆಕ್ಕ ಹಾಕುತ್ತದೆ. ನಾವು ನೋಡಿಕೊಳ್ಳಬೇಕಾದುದು ಇಷ್ಟೇ: ಬ್ಲೇಡು ಹೊಸದೇ, ಬಾಚಣಿಗೆಯೂ ವಸ್ತ್ರವೂ ಶುಚಿಯಾಗಿವೆಯೇ? ಒಬ್ಬರಿಗೆ ಬಳಸಿದ ಬ್ಲೇಡಿನಿಂದ ಇನ್ನೊಬ್ಬರಿಗೆ ಯಕೃತ್ತಿನ ಸೋಂಕು ತಗಲಬಲ್ಲುದು.

ಕತ್ತರಿಸಿದರೆ ಕೂದಲು ದಟ್ಟವಾಗಿ ಬೆಳೆಯುವುದೆಂಬ ನಂಬಿಕೆ ಮಾತ್ರ ನಿಜವಲ್ಲ. ಕತ್ತರಿ ಮುಟ್ಟುವುದು ತುದಿಯನ್ನು, ಬೆಳೆಯುವುದು ಬುಡ. ತುದಿಯ ಅಂದವನ್ನು ಕ್ಷೌರಿಕನ ಕೈಗೆ ಒಪ್ಪಿಸೋಣ. ಬುಡದ ಆರೋಗ್ಯವನ್ನು ನಮ್ಮ ಊಟದ ತಟ್ಟೆಯಲ್ಲಿಯೂ ವೈದ್ಯರ ಬಳಿಯೂ ಹುಡುಕೋಣ.